ಮೊದಲು ನೀರು ಅಳೆಯಿರಿ, ಆಮೇಲೆ ಪೈಪು ಹೂಳಿರಿ!



ನಿಮ್ಮ ಜೊತೆ ಓದುವ, ದುಡಿಯುವ ಕೋಲಾರದವರನ್ನು, ಚಿಕ್ಕಬಳ್ಳಾಪುರದವರನ್ನು ಒಮ್ಮೆ ಮಾತಾಡಿಸಿ. ಅವರ ಊರಿನ ಬೋರ್‌ವೆಲ್ ಎಷ್ಟು ಅಡಿಗೆ ಇಳಿದಿದೆ ಎಂದು ಕೇಳಿ. ಸಾವಿರ ಅಡಿ ದಾಟಿದೆ ಎನ್ನುವವರು ಸಿಗುತ್ತಾರೆ. ಅಷ್ಟು ಆಳದಿಂದ ಮೇಲೆ ಬಂದ ನೀರಿನಲ್ಲೂ ಫ್ಲೋರೈಡ್! ಆ ಜನರ ಬಾಯಾರಿಕೆ ಸುಳ್ಳಲ್ಲ. ಅದಕ್ಕೇ ಈ ಮಾತು ಆಡಬೇಕಾಗಿದೆ.

ಎತ್ತಿನಹೊಳೆ ಯೋಜನೆಯ ಹೆಸರು ಕೇಳದವರು ಯಾರಿದ್ದಾರೆ? ಸಕಲೇಶಪುರದ ಘಟ್ಟದ ಹಳ್ಳಗಳಿಂದ ಮಳೆಗಾಲದ 24.01 ಟಿಎಂಸಿ ನೀರನ್ನು ಎತ್ತಿ ಬಯಲುಸೀಮೆಗೆ ತರುತ್ತೇವೆ ಎಂಬುದು ಸರ್ಕಾರದ ಮಾತು. ಅದರಲ್ಲಿ ಸುಮಾರು 14 ಟಿಎಂಸಿ ಕುಡಿಯಲು, ಉಳಿದದ್ದು 527 ಕೆರೆ ತುಂಬಿಸಲು. 2012ರಲ್ಲಿ ಇದಕ್ಕೆ ಹಾಕಿದ ಅಂದಾಜು 8,323 ಕೋಟಿ ರೂಪಾಯಿ. 2014ರಲ್ಲಿ 12,912 ಕೋಟಿ. 2023ರಲ್ಲಿ 23,251 ಕೋಟಿ! 2024ರ ಸೆಪ್ಟೆಂಬರ್‌ನಲ್ಲಿ ಗೌರಿ ಹಬ್ಬದ ದಿನ ಮೊದಲ ಹಂತದ ಉದ್ಘಾಟನೆಯೂ ಆಯಿತು. ಅವತ್ತಿಗೆ ಕೋಲಾರಕ್ಕೆ ಒಂದು ಹನಿಯೂ ತಲುಪಿರಲಿಲ್ಲ.

ಹಣದ ಲೆಕ್ಕ ಮೂರು ಬಾರಿ ಆಯಿತು. ನೀರಿನ ಲೆಕ್ಕ?

ಬನ್ನಿ, ನಾವೇ ಹಾಕೋಣ. ಹೈಸ್ಕೂಲು ಗಣಿತ ಸಾಕು. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಅಂದರೆ ಸುಮಾರು 2.83 ಕೋಟಿ ಘನ ಮೀಟರ್. 24 ಟಿಎಂಸಿ ಎಂದರೆ 68 ಕೋಟಿ ಘನ ಮೀಟರ್. ಈ ಹಳ್ಳಗಳಿಗೆ ಮಳೆನೀರು ಹರಿದುಬರುವ ಜಾಗ ಸುಮಾರು 180 ಚದರ ಕಿಲೋಮೀಟರ್. ಭಾಗಿಸಿ ನೋಡಿ. ಆ ಇಡೀ ಕಾಡಿನ ಮೇಲೆ ಹನ್ನೆರಡು ಅಡಿ ಎತ್ತರಕ್ಕೆ ನಿಲ್ಲುವಷ್ಟು ನೀರು ಪ್ರತಿ ವರ್ಷ ಹಳ್ಳಕ್ಕೆ ಇಳಿಯಬೇಕು! ಸುರಿದ ಮಳೆಯಲ್ಲಿ ನೆಲ ಕುಡಿಯುವುದಿಲ್ಲವೇ? ಮರ ಕುಡಿಯುವುದಿಲ್ಲವೇ? ಕೆಳಗಿನ ನೇತ್ರಾವತಿಗೆ, ಅದನ್ನೇ ನಂಬಿದ ದಕ್ಷಿಣ ಕನ್ನಡದ ನಮ್ಮ ಜನಕ್ಕೆ ಪಾಲು ಬೇಡವೇ?

ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಸಂಗಡಿಗರು ಲೆಕ್ಕ ಹಾಕಿ, ಅಲ್ಲಿ ಹುಟ್ಟುವ ನೀರೇ ಒಟ್ಟು 9.55 ಟಿಎಂಸಿ ಎಂದರು. ಸರ್ಕಾರ 24 ಎನ್ನುತ್ತದೆ, ವಿಜ್ಞಾನಿಗಳು ಹತ್ತಕ್ಕೂ ಕಡಿಮೆ ಎನ್ನುತ್ತಾರೆ. ಇದು ಸಣ್ಣಪುಟ್ಟ ಭಿನ್ನಾಭಿಪ್ರಾಯವೇ? ಮೊದಲ ಪೈಪು ಹೂಳುವ ಮುನ್ನವೇ ಜನರೆದುರು ಇತ್ಯರ್ಥವಾಗಬೇಕಿದ್ದ ಪ್ರಶ್ನೆ ಇದು. ಆಗಲಿಲ್ಲ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿದರು!

ಜಮೀನಿನ ಕಥೆಯೂ ಅಷ್ಟೇ. ನೀರು ಕೂಡಿಡಲು ಬೈರಗೊಂಡ್ಲುವಿನಲ್ಲಿ ಜಲಾಶಯ ಎಂದರು. ಒಂದೇ ಜಲಾಶಯಕ್ಕೆ ಜಮೀನು ಕಳೆದುಕೊಳ್ಳುವ ಕೊರಟಗೆರೆಯ ರೈತನಿಗೊಂದು ಪರಿಹಾರ, ದೊಡ್ಡಬಳ್ಳಾಪುರದ ರೈತನಿಗೊಂದು ಪರಿಹಾರ ಎಂದಾಗ ಜನ ಸುಮ್ಮನಿರುತ್ತಾರೆಯೇ? ಕೆಲಸ ವರ್ಷಗಟ್ಟಲೆ ನಿಂತಿತು. ಅದನ್ನೂ ಮೊದಲೇ ಕೂತು ಬಗೆಹರಿಸಬಹುದಿತ್ತು.

ನಮ್ಮವರಿಗೆ ಯೋಜನೆ ಮಾಡಲು ಬರುವುದಿಲ್ಲ ಎಂದು ಯಾರೂ ಹೇಳಬೇಡಿ. ಇದೇ ಕೋಲಾರಕ್ಕೆ 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂತು. ಸುಮಾರು 147 ಕಿಲೋಮೀಟರ್ ದೂರ! ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಮೈಸೂರು ಸರ್ಕಾರ ಮಾಡಿದ್ದೇನು? ಎಂಜಿನಿಯರ್ ಲಾಟ್‌ಬಿನಿಯರ್ ಅವರನ್ನು ಅಮೆರಿಕಾ, ಯೂರೋಪುಗಳಿಗೆ ಕಳುಹಿಸಿ, ಅಷ್ಟು ದೂರ ವಿದ್ಯುತ್ ಸಾಗಿಸಬಹುದೇ ಎಂದು ಪರೀಕ್ಷಿಸಿತು. ಕೊಳ್ಳುವ ಗಣಿ ಕಂಪನಿಗಳ ಜೊತೆ ಕರಾರು ಮಾಡಿಕೊಂಡಿತು. ಆಮೇಲೆ ತಂತಿ ಎಳೆಯಿತು.

ಯಾಕೆ ಮೊದಲೇ ಕೇಳಬೇಕು ಗೊತ್ತೇ? ಅರ್ಧ ದುಡ್ಡು ಸುರಿದ ಮೇಲೆ ಕೇಳಿದರೆ ‘ಇಷ್ಟು ಖರ್ಚಾಗಿದೆ, ಈಗ ನಿಲ್ಲಿಸುವುದು ಹೇಗೆ?’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಪ್ರಶ್ನೆ ಕೇಳಿದವನೇ ಕೋಲಾರದ ದ್ರೋಹಿಯಾಗುತ್ತಾನೆ. ಕರಾವಳಿಯ ಕನ್ನಡಿಗ, ಬಯಲುಸೀಮೆಯ ಕನ್ನಡಿಗ ಒಬ್ಬರ ಮೇಲೊಬ್ಬರು ಕೈ ಎತ್ತುತ್ತಾರೆ. ಗುತ್ತಿಗೆದಾರ ಮಾತ್ರ ಬಿಲ್ಲು ಬರೆದುಕೊಂಡು ಹೋಗುತ್ತಾನೆ!

ಗೆಳೆಯರೇ, ನಾಳೆ ನಿಮ್ಮ ಊರಿಗೆ ಸುರಂಗ ಬರಲಿ, ಮೇಲ್ಸೇತುವೆ ಬರಲಿ, ಕಾಲುವೆ ಬರಲಿ, ಜೈಕಾರ ಹಾಕುವ ಮುನ್ನ ನಾಲ್ಕು ಪ್ರಶ್ನೆ ಕೇಳಿ. ಮೂಲದಲ್ಲಿ ನೀರೋ, ಜಾಗವೋ, ದುಡ್ಡೋ ನಿಜವಾಗಿ ಇದೆಯೇ? ಅಳೆದವರು ಯಾರು? ಕಳೆದುಕೊಳ್ಳುವವರು ಒಪ್ಪಿದ್ದಾರೆಯೇ? ಇದಕ್ಕಿಂತ ಅಗ್ಗದ, ಹತ್ತಿರದ ದಾರಿ ನೋಡಿದ್ದೀರಾ? ಉತ್ತರ ಕನ್ನಡದಲ್ಲೇ ಬರಲಿ. ಜಮೀನು ಬಿಟ್ಟುಕೊಡುವ ರೈತ ಯೋಜನಾ ವರದಿಯನ್ನು ತನ್ನ ಭಾಷೆಯಲ್ಲಿ ಓದಿ ಸಹಿ ಹಾಕಲಿ.

ಖರ್ಚಾಗುವುದು ಕನ್ನಡಿಗರ ಬೆವರಿನ ದುಡ್ಡು. ಲೆಕ್ಕ ಕೇಳುವುದು ಅಡ್ಡಗಾಲಲ್ಲ, ನಮ್ಮ ಹಕ್ಕು!