ಜಮಾ-ಖರ್ಚು: ಕೋಟಾ ಎಲ್ಲಿದೆ, ಪುಸ್ತಕ ತೆಗೆದು ನೋಡೋಣ



ನವೆಂಬರ್ ಬಂತು ಅಂದ್ರೆ ನಮ್ಮವರ ಮನೆಗಳಲ್ಲಿ ಎರಡೇ ಮಾತು. ಒಂದು, ರಾಜ್ಯೋತ್ಸವದ ಊಟಕ್ಕೆ ಯಾರು ಏನು ತರ್ತಾರೆ ಅನ್ನೋದು. ಇನ್ನೊಂದು, ಹನ್ನೆರಡನೇ ಕ್ಲಾಸಿನ ಮಕ್ಕಳ ಕಾಲೇಜು ಅರ್ಜಿ. ಎರಡನೆಯದು ಶುರುವಾಗಿ ಹತ್ತು ನಿಮಿಷ ಆಗಿರಲ್ಲ, ಯಾರೋ ಒಬ್ಬರು ಹೇಳೇ ಹೇಳ್ತಾರೆ: "ಇಲ್ಲೂ ಕೋಟಾನೇ ಸ್ವಾಮಿ. ನಮ್ಮ ಮಕ್ಕಳ ಸೀಟು ಕರಿಯರಿಗೆ, ಮೆಕ್ಸಿಕನ್ನರಿಗೆ ಹೋಗುತ್ತೆ." ಸ್ಕ್ರಿಪ್ಸ್ ರ್ಯಾಂಚಿನಲ್ಲಿ ಕಳೆದ ತಿಂಗಳೊಂದರಲ್ಲೇ ಮೂರು ಮನೆಯಲ್ಲಿ ಈ ಮಾತು ಕೇಳಿದೆ. ನಾನು ಲೆಕ್ಕ ಬರೆಯೋ ಮನುಷ್ಯ. ವೋಚರ್ ಇಲ್ಲದ ಖರ್ಚನ್ನು ಪುಸ್ತಕಕ್ಕೆ ಹತ್ತಿಸೋದಿಲ್ಲ. ಈ ಮಾತಿಗೆ ವೋಚರ್ ಇದೆಯೇ, ನೋಡೋಣ.

ಮೊದಲು ಕಾನೂನು. ಡೇವಿಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮೆಡಿಕಲ್ ಕಾಲೇಜು 100 ಸೀಟುಗಳಲ್ಲಿ 16ನ್ನು ಅಲ್ಪಸಂಖ್ಯಾತ ಜನಾಂಗಗಳಿಗೆ ಇಟ್ಟಿತ್ತು. 1978ರಲ್ಲಿ ಬಾಕಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಿತು. ಸೀಟು ಎಣಿಸಿ ಇಡೋ ಹಾಗಿಲ್ಲ, ಜನಾಂಗವನ್ನು ಹಲವು ಅಂಶಗಳಲ್ಲಿ ಒಂದಾಗಿ ನೋಡಬಹುದು ಅಂತ ತೀರ್ಪು. ಅಂದರೆ ನಾವು ಊರಿನಲ್ಲಿ ಕಂಡ ಥರದ ಕೋಟಾ ಇಲ್ಲಿ 1978ಕ್ಕೇ ಮುಗಿದುಹೋಯ್ತು. 1996ರ ನವೆಂಬರಿನಲ್ಲಿ ಈ ರಾಜ್ಯದ ಮತದಾರರು ಪ್ರೊಪೊಸಿಷನ್ 209 ಪಾಸು ಮಾಡಿದರು. ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಆ ಒಂದು ಅಂಶವನ್ನೂ ನೋಡೋ ಹಾಗಿಲ್ಲ ಅಂತಾಯ್ತು. 2020ರಲ್ಲಿ ಅದನ್ನು ತೆಗೆಯಲು ಪ್ರೊಪೊಸಿಷನ್ 16 ಬಂತು. ಶೇಕಡಾ 57ರಷ್ಟು ಮತ ವಿರುದ್ಧ ಬಿದ್ದು ಸೋತಿತು. 2023ರ ಜೂನ್ 29ರಂದು ಹಾರ್ವರ್ಡ್ ಕೇಸಿನಲ್ಲಿ ಸುಪ್ರೀಂ ಕೋರ್ಟು ಇಡೀ ದೇಶಕ್ಕೇ ಬಾಗಿಲು ಹಾಕಿತು.

ಹಾಗಾಗಿ ಲಾ ಹೋಯಾ, ಲಾಸ್ ಏಂಜಲೀಸ್, ಬರ್ಕ್ಲಿ ಇಲ್ಲೆಲ್ಲ ನಿಮ್ಮ ಮಗುವಿನ ಅರ್ಜಿ ಓದುವವರಿಗೆ ಅದರ ಜನಾಂಗದ ಕಾಲಂ ಕಾಣಿಸೋದೇ ಇಲ್ಲ. ಸೀಟು ಸಿಗದಿದ್ದರೆ ಕಾರಣ ಬೇರೆ. ಸ್ಯಾನ್ ಡಿಯಾಗೋ ಕ್ಯಾಂಪಸ್ಸಿಗೆ ಈಗ ವರ್ಷಕ್ಕೆ ಒಂದು ಲಕ್ಷಕ್ಕೂ ಮೀರಿ ಅರ್ಜಿ ಬರುತ್ತೆ, ಒಪ್ಪಿಗೆ ಸಿಗೋದು ಸುಮಾರು ನಾಲ್ವರಲ್ಲಿ ಒಬ್ಬರಿಗೆ.

ಇನ್ನೊಂದು ಪುಟ ತಿರುಗಿಸಿ. 209 ಬಂದ ಮೇಲೆ ಕಪ್ಪು ವಿದ್ಯಾರ್ಥಿಗಳ ಸಂಖ್ಯೆ ದೊಡ್ಡ ಕ್ಯಾಂಪಸ್‌ಗಳಲ್ಲಿ ಕುಸಿಯಿತು. 2006ರಲ್ಲಿ ಯುಸಿಎಲ್ಎಗೆ ಸೇರಲು ಬಂದ ಸುಮಾರು 4,800 ಹೊಸ ವಿದ್ಯಾರ್ಥಿಗಳಲ್ಲಿ ಕಪ್ಪು ಮಕ್ಕಳು 96 ಮಾತ್ರ ಅಂತ ಲೆಕ್ಕ ಸಿಕ್ಕಿತು. ಲಾಸ್ ಏಂಜಲೀಸ್‌ನಂಥ ಊರಲ್ಲಿ ಇಷ್ಟೇ! ವಿದ್ಯಾರ್ಥಿಗಳು ಬೀದಿಗಿಳಿದರು, ಊರಿನ ಹಿರಿಯರು ಜೊತೆ ನಿಂತರು. ಕಾನೂನು ಮುರಿಯಿರಿ ಅಂತ ಅವರು ಕೇಳಲಿಲ್ಲ. ಮಗುವಿನ ಅಂಕ, ಶಾಲೆ, ಮನೆ ಎಲ್ಲವನ್ನೂ ಬೇರೆಬೇರೆ ತುಂಡು ಮಾಡಿ ನೋಡಬೇಡಿ, ಇಡೀ ಅರ್ಜಿಯನ್ನು ಒಟ್ಟಿಗೆ ಓದಿ ಅಂದರು. ಮುಂದಿನ ವರ್ಷದಿಂದ ಯುಸಿಎಲ್ಎ ಹಾಗೇ ಓದಲು ಶುರು ಮಾಡಿತು, ಸಂಖ್ಯೆಯೂ ಏರಿತು.

ನಮ್ಮ ಸ್ಯಾನ್ ಡಿಯಾಗೋ ಕಥೆ ಇನ್ನೂ ಹಳೆಯದು. 1969ರಲ್ಲಿ ಲಾ ಹೋಯಾದ ಕಪ್ಪು ಮತ್ತು ಮೆಕ್ಸಿಕನ್ ಮೂಲದ ವಿದ್ಯಾರ್ಥಿಗಳು, ಹೊಸದಾಗಿ ಕಟ್ಟುತ್ತಿದ್ದ ಮೂರನೇ ಕಾಲೇಜು ತಮ್ಮಂಥವರ ಮಕ್ಕಳಿಗಾಗಿ ಇರಲಿ, ಅದಕ್ಕೆ ಲುಮುಂಬಾ-ಜಪಾಟಾ ಅಂತ ಹೆಸರಿಡಿ ಎಂದು ಹೋರಾಡಿದರು. ಆ ಹೆಸರು ಅಧಿಕೃತವಾಗಲಿಲ್ಲ. ಆ ಕಾಲೇಜಿಗೆ ಈಗ ಸುಪ್ರೀಂ ಕೋರ್ಟಿನ ಮೊದಲ ಕಪ್ಪು ನ್ಯಾಯಮೂರ್ತಿ ಥರ್ಗುಡ್ ಮಾರ್ಷಲ್ ಅವರ ಹೆಸರಿದೆ. ನಮ್ಮವರ ಎಷ್ಟೋ ಮಕ್ಕಳು ಅಲ್ಲಿ ಓದ್ತಾರೆ.

2010ರ ಫೆಬ್ರವರಿಯಲ್ಲಿ ಇದೇ ಕ್ಯಾಂಪಸ್ಸಿನ ಕೆಲವು ಹುಡುಗರು ಕಪ್ಪು ಜನರನ್ನು ಅಣಕಿಸೋ ಪಾರ್ಟಿ ಮಾಡಿದರು. ಆ ತಿಂಗಳು ಮುಗಿಯೋ ಮೊದಲೇ ಗೈಸೆಲ್ ಲೈಬ್ರರಿಯಲ್ಲಿ ನೇಣಿನ ಕುಣಿಕೆ ನೇತಾಡಿತು. ಈ ದೇಶದಲ್ಲಿ ಕಪ್ಪು ಜನರನ್ನು ಮರಕ್ಕೆ ನೇತುಹಾಕಿ ಕೊಂದ ಚರಿತ್ರೆ ಇದೆ, ಆ ಹಗ್ಗದ ಅರ್ಥ ಅದು. ಆಗ ಅಲ್ಲಿ ಕಪ್ಪು ವಿದ್ಯಾರ್ಥಿಗಳು ಶೇಕಡಾ 2ಕ್ಕಿಂತ ಕಡಿಮೆ. ಆಡಳಿತ ಕರೆದ ಸಭೆಯಿಂದ ಎದ್ದು ಬಂದು ತಮ್ಮದೇ ಸಭೆ ನಡೆಸಿದರು, ಚಾನ್ಸಲರ್ ಕಚೇರಿಯಲ್ಲಿ ಕುಳಿತರು, ಬೇಡಿಕೆಗಳ ಪಟ್ಟಿ ಕೊಟ್ಟರು. ಮಾರ್ಚ್ ಮೊದಲ ವಾರದಲ್ಲಿ ಆಡಳಿತ ಒಪ್ಪಂದಕ್ಕೆ ಸಹಿ ಹಾಕಿತು. ಆ ಹುಡುಗರು ಕೇಳಿದ್ದು ನಮ್ಮ ಮಕ್ಕಳ ಸೀಟನ್ನಲ್ಲ, ತಾವೂ ತಲೆಯೆತ್ತಿ ಓದೋ ಜಾಗವನ್ನು.

ಇದೆಲ್ಲ ನಮಗೆ ಹೊಸದೇನಲ್ಲ. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲೇ ಮಿಲ್ಲರ್ ಸಮಿತಿ ನೇಮಿಸಿ, ಹಿಂದುಳಿದವರಿಗೆ ಓದು, ನೌಕರಿ ಸಿಗೋದು ಹೇಗೆ ಅಂತ ಕೇಳಿದರು. ದಿವಾನ್ ವಿಶ್ವೇಶ್ವರಯ್ಯನವರಿಗೆ ಅದು ಒಪ್ಪಿಗೆಯಾಗಲಿಲ್ಲ. 1962ರಲ್ಲಿ ಮೈಸೂರು ರಾಜ್ಯ ಮೆಡಿಕಲ್, ಇಂಜಿನಿಯರಿಂಗ್ ಸೀಟುಗಳಲ್ಲಿ ಶೇಕಡಾ 68 ಮೀಸಲಿಟ್ಟಾಗ ಬಾಲಾಜಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಅದನ್ನು ಹೊಡೆದುಹಾಕಿ, ಅರ್ಧಕ್ಕಿಂತ ಹೆಚ್ಚಾಗಬಾರದು ಅಂದಿತು. ಆಮೇಲೆ ದೇವರಾಜ ಅರಸರ ಕಾಲದ ಹಾವನೂರು ಆಯೋಗ. ನನ್ನ ಜೊತೆ ಬಿ.ಕಾಂ. ಓದಿದ ಹಲವರು ಬಿ.ಸಿ.ಎಂ. ಹಾಸ್ಟೆಲಿನ ಮುದ್ದೆ ಉಂಡು ಪಾಸಾದವರು. ಇವತ್ತು ಒಬ್ಬ ಬ್ಯಾಂಕ್ ಮ್ಯಾನೇಜರ್, ಒಬ್ಬ ದುಬೈನಲ್ಲಿ ಆಡಿಟರ್. ಅವರು ಯಾರ ಸೀಟು ಕದ್ದರು ಹೇಳಿ?

ಮೀಸಲಾತಿ ಬೇಡ ಅನ್ನೋರ ವಾದಕ್ಕೂ ಒಂದು ಕಾಲಂ ಕೊಡೋಣ. ಪ್ರತಿ ಮಗುವನ್ನೂ ಅದರ ಶ್ರಮದ ಮೇಲೆ ಅಳೆಯಿರಿ, ಬಣ್ಣದ ಮೇಲಲ್ಲ ಅಂತಾರೆ. ಗೌರವದ ಮಾತೇ. ಆದರೆ ಅದೇ ಅಳತೆ ಎಲ್ಲರಿಗೂ ಇರಬೇಕಲ್ವಾ? ಈ ರಾಜ್ಯದ ಕೆಲವು ಖಾಸಗಿ ವಿಶ್ವವಿದ್ಯಾಲಯಗಳು ಹಳೇ ವಿದ್ಯಾರ್ಥಿಗಳ, ದೇಣಿಗೆ ಕೊಟ್ಟವರ ಮಕ್ಕಳಿಗೆ ಆದ್ಯತೆ ಕೊಡ್ತಾ ಬಂದವು. ಅದನ್ನು ನಿಷೇಧಿಸೋ ಕಾನೂನಿಗೆ ಗವರ್ನರ್ ಸಹಿ ಬಿದ್ದಿದ್ದು 2024ರಲ್ಲಿ. ಅಲ್ಲಿವರೆಗೆ ನಮ್ಮ ಊಟದ ಮೇಜಿನಲ್ಲಿ ಅದಕ್ಕೆ ಯಾರೂ ಕೋಟಾ ಅಂದಿದ್ದು ನಾನು ಕೇಳಿಲ್ಲ. ಇನ್ನೊಂದು ಜಮಾ ಬರ್ಕೊಳ್ಳಿ: ನಮ್ಮಂಥವರಿಗೆ ಈ ದೇಶದ ಬಾಗಿಲು ಅಗಲವಾಗಿ ತೆರೆದ ವಲಸೆ ಕಾನೂನು ಬಂದದ್ದು 1965ರಲ್ಲಿ, ಕಪ್ಪು ಜನರ ನಾಗರಿಕ ಹಕ್ಕುಗಳ ಹೋರಾಟದ ಕಾವು ಇದ್ದಾಗಲೇ.

ಈಗ ಕೆಲಸದ ಮಾತು. ಇಡೀ ಅರ್ಜಿ ಒಟ್ಟಿಗೆ ಓದೋ ಪದ್ಧತಿ ನಮ್ಮ ಮಕ್ಕಳಿಗೂ ಸಿಕ್ಕ ಲಾಭ. ಯುಸಿ ಅರ್ಜಿಯಲ್ಲಿ ಎಂಟು ಪ್ರಶ್ನೆ ಇರುತ್ತೆ, ನಾಲ್ಕಕ್ಕೆ ಉತ್ತರ, ಒಂದೊಂದಕ್ಕೂ ಹೆಚ್ಚೆಂದರೆ 350 ಪದ. ಎಸ್ಎಟಿ ಅಂಕ ನೋಡಲ್ಲ. ಅಪ್ಪ ಮೋಟೆಲಿನಲ್ಲಿ ರಾತ್ರಿ ಪಾಳಿ ಮಾಡ್ತಾರೆ, ಮಗಳು ತಮ್ಮನಿಗೆ ಅಡುಗೆ ಮಾಡಿ ಬಡಿಸಿ ಹೋಮ್‌ವರ್ಕ್ ಮಾಡಿಸ್ತಾಳೆ ಅಂದ್ರೆ ಅದನ್ನು ಬರೀಲಿ. ನಾಚಿಕೆ ಬೇಡ, ಅದೂ ದುಡಿಮೆಯೇ. ಓದುವ ಹೈಸ್ಕೂಲಿನಲ್ಲಿ ಮೇಲಿನ ಶೇಕಡಾ 9ರೊಳಗೆ ಇದ್ದರೆ ಅದಕ್ಕೂ ತೂಕ ಇದೆ, ಕೌನ್ಸಿಲರ್ ಹತ್ತಿರ ಕೇಳಿ ತಿಳ್ಕೊಳ್ಳಿ.

ನನ್ನ ಮಗಳೂ ಈ ವರ್ಷ ಅರ್ಜಿ ಹಾಕ್ತಿದ್ದಾಳೆ. ಅವಳ ಗೆಳತಿಯರಲ್ಲಿ ಎಲ್ಲ ಬಣ್ಣದವರೂ ಇದ್ದಾರೆ. ಮಾರ್ಚಿನಲ್ಲಿ ಫಲಿತಾಂಶ ಬಂದಾಗ ಅವಳಿಗೆ ಸಿಗದೆ ಆ ಹುಡುಗಿಯರಲ್ಲಿ ಒಬ್ಬಳಿಗೆ ಸಿಕ್ಕರೆ, "ನಿನ್ನ ಸೀಟು ಅವಳು ತಗೊಂಡಳು" ಅನ್ನೋ ಮಾತು ನಮ್ಮ ಮನೆಯಲ್ಲಿ ಬರಬಾರದು ಅಂತ ನಾನೂ ನನ್ನಾಕೆಯೂ ಈಗಲೇ ಮಾತಾಡ್ಕೊಂಡಿದ್ದೀವಿ. ಮಕ್ಕಳು ನಮ್ಮ ಮಾತನ್ನು ಶಾಲೆಗೆ ಹೊತ್ತುಕೊಂಡು ಹೋಗ್ತಾರೆ. ನಿಮ್ಮ ಮನೆಯಲ್ಲೂ ಒಮ್ಮೆ ಮಾತಾಡಿ.

ಮುಂದಿನ ತಿಂಗಳು: ಊರಿನ ಬ್ಯಾಂಕ್ ಖಾತೆಗಳಲ್ಲಿ ಒಟ್ಟು 10,000 ಡಾಲರ್ ದಾಟಿದರೆ ಇಲ್ಲಿ ಏನು ವರದಿ ಕೊಡಬೇಕು ಅನ್ನೋದು.