ಪ್ರಾಡಾವನ್ನು ಬೈದದ್ದಾಯಿತು, ಇನ್ನು ಲಿಡ್ಕರ್ ಲೆಕ್ಕ ಕೊಡಲಿ

2025ರ ಜೂನಿನಲ್ಲಿ ಮಿಲಾನ್‌ನ ಫ್ಯಾಷನ್ ವೇದಿಕೆಯಲ್ಲಿ ಪ್ರಾಡಾ ಕಂಪನಿಯ ರೂಪದರ್ಶಿಗಳು ನಮ್ಮ ಚಪ್ಪಲಿಯಂಥದ್ದನ್ನೇ ಮೆಟ್ಟಿ ನಡೆದರು. 'ಕೊಲ್ಹಾಪುರಿ ಕದ್ದರು' ಎಂಬ ಕೂಗು ಮುಂಬೈ ಹೈಕೋರ್ಟಿನವರೆಗೂ ಹೋಯಿತು. ಇವನ್ನು ಮಾಡುವವರು ನಮ್ಮ ಬೆಳಗಾವಿ ಜಿಲ್ಲೆಯ ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗದಲ್ಲೂ ಇದ್ದಾರೆ ಎಂದು ನೆನಪಿಸಲು ಸಚಿವ ಪ್ರಿಯಾಂಕ್ ಖರ್ಗೆ ಬಾಯಿ ತೆರೆಯಬೇಕಾಯಿತು.

ಮಾಡಿದವರ ಹೆಸರು ಹೇಳದೆ ಮಾರುವುದು ಕಳವಾದರೆ, ಆ ಕಳವು ಮಿಲಾನ್‌ನಲ್ಲಿ ಶುರುವಾದದ್ದಲ್ಲ. ಈ ಚಪ್ಪಲಿಯದು ಜಾಲಿ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡಿದ ಚರ್ಮ. ಒಂದು ಮೊಳೆಯಿಲ್ಲ, ಹೊಲಿಗೆಯೂ ಚರ್ಮದ ದಾರದ್ದೇ. ಗಂಡಸರು ಅಟ್ಟೆ ಕೊಯ್ದು ಬಡಿದರೆ, ಸಣ್ಣ ಎಳೆಗಳನ್ನು ಜಡೆ ಹೆಣೆಯುವವರು ಬಹುಪಾಲು ಹೆಂಗಸರು. ಈ ಜೋಡು ಗಡಿ ದಾಟಿ ಕೊಲ್ಹಾಪುರದ ಅಂಗಡಿ ಸೇರಿದ ಮೇಲೆ ಅದರ ಊರನ್ನು ಯಾರೂ ಕೇಳುವುದಿಲ್ಲ. ಗಿರಾಕಿಗಳಾದ ನಾವೇನು ಕಡಿಮೆಯೇ? ಬಸವಣ್ಣನಿಗೆ ತನ್ನ ಚರ್ಮದ ಪಾದರಕ್ಷೆ ಮಾಡಿಕೊಟ್ಟ ಹರಳಯ್ಯನ ಕಥೆ ಕೇಳಿ ಕಣ್ಣೊರೆಸಿಕೊಂಡು, ಸಮಗಾರರ ಮುಂದೆ ಐವತ್ತು ರೂಪಾಯಿಗೆ ಚೌಕಾಸಿಗೆ ನಿಲ್ಲುತ್ತೇವೆ.

ಹಾಗಾದರೆ 'ಅಥಣಿ ಚಪ್ಪಲಿ' ಎಂದು ಹೆಸರು ಬದಲಿಸೋಣ ಎನ್ನುವವರಿದ್ದಾರೆ. ಗಡಿಯಲ್ಲಿ ಇಂಥ ಜಗಳಕ್ಕೆ ಬರವಿಲ್ಲ! ಹೆಸರು ಬದಲಾದರೆ ಕೂಲಿ ಏರುವುದಿಲ್ಲ. 2019ರ ಭೌಗೋಳಿಕ ಸೂಚಿಕೆ ಎರಡೂ ರಾಜ್ಯಗಳ ನಾಲ್ಕು ನಾಲ್ಕು ಜಿಲ್ಲೆಗಳಿಗೆ ಸೇರಿದ್ದು. ಅದರ ಒಡೆತನ ಸರ್ಕಾರಿ ಚರ್ಮೋದ್ಯಮ ನಿಗಮಗಳಾದ ಮಹಾರಾಷ್ಟ್ರದ ಲಿಡ್ಕಾಮ್ ಮತ್ತು ನಮ್ಮ ಲಿಡ್ಕರ್‌ನದು. ಪ್ರಾಡಾ ವಿರುದ್ಧ ವಕೀಲರು ಹಾಕಿದ್ದ ಅರ್ಜಿಯನ್ನು ಹೈಕೋರ್ಟ್ ತಳ್ಳಿಹಾಕಿದ್ದೂ ಇದೇ ಕಾರಣಕ್ಕೆ: ಕೇಳುವ ಹಕ್ಕು ಒಡೆಯರದು. ಒಡೆಯರೆಂದ ಮೇಲೆ ಹೊಣೆಯೂ ಅವರದೇ.

2025ರ ಡಿಸೆಂಬರಿನಲ್ಲಿ ಈ ಎರಡೂ ನಿಗಮಗಳು ಪ್ರಾಡಾದೊಂದಿಗೆ ಒಪ್ಪಂದ ಮಾಡಿಕೊಂಡವು. 2,000 ಜೋಡಿ, ಪ್ರಾಡಾ ಮಾರುವ ಬೆಲೆ ಜೋಡಿಗೆ ಸುಮಾರು 800 ಯೂರೊ. ಸಂತೋಷ. ಆದರೆ ಅದರಲ್ಲಿ ಹೆಣೆದ ಹೆಂಗಸಿನ ಪಾಲೆಷ್ಟು? ಬೆಳಗಾವಿ ಜಿಲ್ಲೆಗೆ ಬಂದ ಜೋಡಿಗಳೆಷ್ಟು? ಕೆಲಸ ಸಿಕ್ಕಿದ್ದು ಕುಶಲಕರ್ಮಿಗೋ, ನಡುವಿನ ವ್ಯಾಪಾರಿಗೋ? ಅಥಣಿಯ ಹೆಂಗಸರ ಸಂಘಗಳು ಹಿಂದೆಯೇ 'ಟೋಹೋಲ್ಡ್' ಹೆಸರಿನಲ್ಲಿ ವಿದೇಶಕ್ಕೆ ಚಪ್ಪಲಿ ಮಾರಿವೆ. ಮಧ್ಯವರ್ತಿಯಿಲ್ಲದೆ ವ್ಯಾಪಾರವೇ ಆಗದು ಎಂಬ ನೆಪ ಇಲ್ಲಿ ನಡೆಯದು.

ಪ್ರತಿ ಜೋಡಿಯ ಮೇಲೂ ಮಾಡಿದವರ ಹೆಸರು, ಊರು ಅಚ್ಚಾಗಲಿ. ಯಾರಿಗೆ ಎಷ್ಟು ಜೋಡಿ, ಯಾವ ದರಕ್ಕೆ ಎಂಬ ಪಟ್ಟಿಯನ್ನು ಲಿಡ್ಕರ್ ಅಥಣಿ, ನಿಪ್ಪಾಣಿಯ ಸಮಗಾರ ಕೇರಿಗಳಲ್ಲಿ ಅಂಟಿಸಲಿ.