ಗುಜರಿಗೆ ಹಾಕುವ ಮೊದಲು ಬಿಚ್ಚಿ ನೋಡಿ

ನಮ್ಮ ಅಂಬೇವಾಡಿ ಕಡೆ ಮಳೆಗಾಲದಲ್ಲಿ ಕರೆಂಟು ಹೋದರೆ ಯಾವಾಗ ಬಂದೀತೋ ಹೇಳಲಾಗದು. ಬೇಲಿ ಗೇಟಿನ ಹಲಗೆಗೆ ನಾಲ್ಕು ತೂತು ಕೊರೆಯಲು ಅಲ್ಲಿವರೆಗೆ ಕಾಯಬೇಕೆ? ಹಳೇ ಕೈ ಡ್ರಿಲ್ ಇದ್ದವರು ಅದನ್ನು ಕಿಲೋ ಲೆಕ್ಕದಲ್ಲಿ ಗುಜರಿಗೆ ಕೊಡಬಾರದು ಎಂಬುದು ನನ್ನ ಅಭಿಪ್ರಾಯ.

ತಿರುಗದಿದ್ದರೆ ಕೆಟ್ಟಿದೆ ಎಂದಲ್ಲ. ಹಳೇ ಎಣ್ಣೆ, ಧೂಳು ಸೇರಿ ಗಟ್ಟಿಯಾಗಿರುತ್ತದೆ, ಅಷ್ಟೆ. ನಾನು ಮಾಡಿದ್ದು ಇಷ್ಟು: ಬಿಚ್ಚಿದ ಕ್ರಮದಲ್ಲೇ ಭಾಗಗಳನ್ನು ಗೋಣಿ ಮೇಲೆ ಸಾಲಾಗಿಟ್ಟೆ. ಕಬ್ಬಿಣದವನ್ನು ಒಂದು ರಾತ್ರಿ ಡೀಸೆಲ್‌ನಲ್ಲಿ ನೆನೆಸಿ, ತಂತಿ ಬ್ರಷ್‌ನಿಂದ ಉಜ್ಜಿ ಒರೆಸಿ, ಹೊಲಿಗೆ ಮೆಷಿನ್ ಎಣ್ಣೆ ಬಿಟ್ಟೆ. ಚಕ್ಕಿನೊಳಗಿನ ಸಣ್ಣ ಸ್ಪ್ರಿಂಗ್ ಜೋಪಾನ. ಕಳೆದರೆ ಬಿಟ್ ಹಿಡಿಯುವ ದವಡೆ ತಾನಾಗಿ ತೆರೆಯದು.

ದೊಡ್ಡ ಚಕ್ರಕ್ಕೆ 60 ಹಲ್ಲು, ಸಣ್ಣದಕ್ಕೆ 15 ಇದ್ದರೆ ಹಿಡಿಕೆಯ 1 ಸುತ್ತಿಗೆ ಬಿಟ್ 4 ಸುತ್ತು. ಮರಕ್ಕೆ ಇದು ಧಾರಾಳ ಸಾಕು.

ಕರೆಂಟ್ ಡ್ರಿಲ್ಲೂ ಇರಲಿ, ಅಡ್ಡಿಯಿಲ್ಲ. ಆದರೆ ನಾವೇ ಬಿಚ್ಚಿ ಜೋಡಿಸಬಲ್ಲ ಹತ್ಯಾರ ಒಂದಾದರೂ ರೈತನ ಮನೆಯಲ್ಲಿ ಉಳಿಯಲಿ.